‘ಮಮ್ಮಿ, ನಾ ಏನ್ ತಪ್ಪ್ ಮಾಡೇನಿ?’ ಎಂದು ಕೇಳುವ ಮಗುವಿಗೆ ಏನು ಹೇಳಬೇಕು?

ಪ್ರಶ್ನೆ: ನಮ್ಮದು ರಾಣೆಬೆನ್ನೂರು ಕಡೆಯ ಒಂದು ಹಳ್ಳಿ. ಮಗನಿಗೆ ಐದು ವರ್ಷ. ನಾಲ್ಕು ತಿಂಗಳ ಹಿಂದೆ ಜ್ವರ ಬಿಡಲೇ ಇಲ್ಲ, ಮೈಮೇಲೆ ನೀಲಿ ಕಲೆ ಎದ್ದವು. ಬೆಂಗಳೂರಿಗೆ ಕರೆತಂದಾಗ ಬ್ಲಡ್ ಕ್ಯಾನ್ಸರ್, ಎ.ಎಲ್.ಎಲ್. ಎಂದರು. ಆಸ್ಪತ್ರೆ ಹತ್ತಿರ ರೂಮು ಮಾಡಿಕೊಂಡು ನಾನು, ಮಗ ಇದ್ದೇವೆ. ಯಜಮಾನರು ಊರಲ್ಲಿ ಪಂಕ್ಚರ್ ಅಂಗಡಿ ನೋಡಿಕೊಳ್ಳುತ್ತಾರೆ. ಹತ್ತು ವರ್ಷದ ಮಗಳು ಅತ್ತೆ ಹತ್ತಿರ ಇದ್ದಾಳೆ. ಮೊದಲ ತಿಂಗಳು ಮುಗಿದಾಗ ರಿಪೋರ್ಟ್ ಚೆನ್ನಾಗಿ ಬಂತು, ರೋಗ ಕಾಣುತ್ತಿಲ್ಲ ಎಂದರು. ಆದರೂ ಇನ್ನೂ ಎರಡು ವರ್ಷ ಔಷಧಿ ಕೊಡಬೇಕಂತೆ. ಸಾಲ ಬೆಳೆಯುತ್ತಿದೆ, ವಾಪಸ್ ಬಂದುಬಿಡು, ಊರಲ್ಲೇ ನಾಟಿ ಔಷಧಿ ಕೊಡಿಸೋಣ ಎನ್ನುತ್ತಾರೆ ಯಜಮಾನರು. ಮಗನಿಗೆ ಬರೀ ಜ್ವರ ಅಂತಲೇ ಹೇಳಿದ್ದೇವೆ. ಈಗ ಎರಡು ವಾರದಿಂದ ಅವನಿಗೆ ವಿಪರೀತ ಸಿಟ್ಟು, ನನ್ನನ್ನು ಕಚ್ಚುತ್ತಾನೆ, ರಾತ್ರಿಯೆಲ್ಲ ಹಸಿವು ಅಂತಾನೆ. ಮೊನ್ನೆ ಸೂಜಿ ಹಾಕಿಸಿಕೊಂಡು ಬರುವಾಗ ‘ಮಮ್ಮಿ, ನಾ ಏನ್ ತಪ್ಪ್ ಮಾಡೇನಿ?’ ಅಂದ. ಮಗಳು ನನ್ನ ಫೋನಿಗೆ ಬರುವುದನ್ನೇ ಬಿಟ್ಟಿದ್ದಾಳೆ. ಬಸುರಿ ಇದ್ದಾಗ ಗ್ರಹಣದ ದಿನ ನಾನು ಹೊರಗೆ ಬಂದಿದ್ದಕ್ಕೇ ಹೀಗಾಯಿತು ಅಂತ ಅತ್ತೆ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಗ್ರಹಣದ ವಿಷಯ ಮುಗಿಸಿಬಿಡೋಣ. ಅದನ್ನು ನೀವು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ, ಆದರೆ ನಿಮ್ಮ ಎದೆ ಮೇಲೆ ಎಲ್ಲಕ್ಕಿಂತ ಭಾರವಾಗಿ ಕೂತಿರುವುದು ಅದೇ ಅಂತ ನನಗೆ ಅನಿಸುತ್ತದೆ. ಗ್ರಹಣಕ್ಕೂ ಈ ಕಾಯಿಲೆಗೂ ಏನೂ ಸಂಬಂಧ ಇಲ್ಲ. ನೀವು ತಿಂದದ್ದು, ತಿನ್ನದೇ ಬಿಟ್ಟದ್ದು, ಎಲ್ಲಿಗೋ ಹೋಗಿದ್ದು, ಮಗುವಿಗೆ ಒಂದೇಟು ಹೊಡೆದಿದ್ದು, ಯಾವುದೂ ಕಾರಣ ಅಲ್ಲ. ಎಲುಬಿನೊಳಗಿನ ಮಜ್ಜೆಯಲ್ಲಿ ರಕ್ತದ ಕಣಗಳು ದಿನಾ ಕೋಟಿಗಟ್ಟಲೆ ಹುಟ್ಟುತ್ತವೆ. ಹಾಗೆ ಹುಟ್ಟುವಾಗ ಒಂದು ಕಣದಲ್ಲಿ ಏನೋ ತಪ್ಪಾಗಿ, ಅದು ಬೆಳೆದು ದೊಡ್ಡದಾಗುವ ಬದಲು ತನ್ನಂಥದ್ದನ್ನೇ ಹುಟ್ಟಿಸುತ್ತಾ ಹೋಗುತ್ತದೆ. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ. ಎರಡರಿಂದ ಐದು ವರ್ಷದೊಳಗೆ ಜಾಸ್ತಿ. ಇದು ಅಂಟುವ ರೋಗ ಅಲ್ಲ. ಬಹುತೇಕ ಎಲ್ಲ ಮಕ್ಕಳಲ್ಲಿ ವಂಶದಿಂದ ಬಂದಿದ್ದೂ ಅಲ್ಲ. ಮುಂದೆ ಮೊಮ್ಮಗಳ ಮದುವೆಗೆ ತೊಂದರೆ ಆದೀತು ಅನ್ನೋ ಭಯದಿಂದ ಅತ್ತೆಯವರು ಊರಲ್ಲಿ ಯಾರಿಗೂ ಹೇಳದೆ ಇದ್ದರೆ, ಈ ಮಾತನ್ನು ಅವರಿಗೆ ನಿಧಾನವಾಗಿ ತಿಳಿಸಿ. ಮಗಳಿಗೆ ಇದರಿಂದ ಏನೂ ಆಗುವುದಿಲ್ಲ.

ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ನನಗೆ ಕಂಡದ್ದು ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಒಬ್ಬೊಬ್ಬರ ಹತ್ತಿರ ಒಂದೊಂದು ತುಂಡು ಸುದ್ದಿ ಇದೆ, ಪೂರ್ತಿ ಯಾರ ಹತ್ತಿರವೂ ಇಲ್ಲ. ಮಗನಿಗೆ ಸೂಜಿಯ ನೋವು ಗೊತ್ತು, ಸೂಜಿ ಯಾಕೆ ಅಂತ ಗೊತ್ತಿಲ್ಲ. ಯಜಮಾನರಿಗೆ ‘ರಿಪೋರ್ಟ್ ಚೆನ್ನಾಗಿದೆ’ ಅನ್ನೋದು ಗೊತ್ತು, ಆಮೇಲೂ ಔಷಧಿ ಯಾಕೆ ಬೇಕು ಅಂತ ಯಾರೂ ಅವರನ್ನು ಎದುರಿಗೆ ಕೂರಿಸಿಕೊಂಡು ಹೇಳಿಲ್ಲ. ಮಗಳಿಗೆ ಅಮ್ಮ ಹೋದದ್ದು ಗೊತ್ತು, ಬರುವುದು ಯಾವಾಗ ಅಂತ ಗೊತ್ತಿಲ್ಲ. ಇಡೀ ಭಾರ ನಿಮ್ಮೊಬ್ಬರ ತಲೆ ಮೇಲಿದೆ. ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದು: ಮುಚ್ಚಿಟ್ಟ ಮನೆಗಿಂತ ಹೇಳಿಕೊಂಡ ಮನೆ ಈ ಎರಡೂವರೆ ವರ್ಷವನ್ನು ಚೆನ್ನಾಗಿ ದಾಟುತ್ತದೆ. ಮಗುವಿಗೂ ಹೇಳಬೇಕು, ಮಗಳಿಗೂ ಹೇಳಬೇಕು, ಯಜಮಾನರಿಗೂ ಹೇಳಬೇಕು. ಹೇಳುವ ಬಗೆ ಮಾತ್ರ ಒಬ್ಬೊಬ್ಬರಿಗೂ ಬೇರೆ.

ಮಗನಿಂದ ಶುರು ಮಾಡೋಣ. ಐದು ವರ್ಷದ ಮಗು ‘ನಾ ಏನ್ ತಪ್ಪ್ ಮಾಡೇನಿ’ ಅಂತ ಕೇಳುವುದು ಬರೀ ಅಳುವಿನ ಮಾತಲ್ಲ. ಅವನು ನಿಜವಾಗಿಯೂ ಹಾಗೇ ಅಂದುಕೊಂಡಿದ್ದಾನೆ. ಆ ವಯಸ್ಸಿನ ಮಕ್ಕಳು ಲೋಕದಲ್ಲಿ ಆಗುವುದೆಲ್ಲ ತಮ್ಮಿಂದಲೇ ಆಗುತ್ತದೆ ಅಂದುಕೊಳ್ಳುತ್ತಾರೆ. ನಾವೂ ಅವರಿಗೆ ಹುಟ್ಟಿದಾಗಿನಿಂದ ಕಲಿಸಿರುವುದು ಅದನ್ನೇ ಅಲ್ವಾ? ‘ಊಟ ಮಾಡು, ಇಲ್ಲಾಂದ್ರೆ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಸೂಜಿ ಹಾಕಿಸ್ತೀನಿ’ ಅಂತ ಹೇಳದ ಮನೆ ಎಷ್ಟಿವೆ? ಈಗ ವಾರ ವಾರ ಸೂಜಿ ಬೀಳುತ್ತಿದೆ. ಅಂದರೆ ತಾನು ಏನೋ ದೊಡ್ಡ ತಪ್ಪನ್ನೇ ಮಾಡಿರಬೇಕು ಅಂತ ಅವನ ಲೆಕ್ಕ. ‘ಬರೀ ಜ್ವರ’ ಅಂತ ನೀವು ಹೇಳಿದ್ದು ಅವನನ್ನು ಕಾಪಾಡಲಿಲ್ಲ, ಆ ಲೆಕ್ಕವನ್ನು ಅವನೊಬ್ಬನೇ ಹಾಕುವ ಹಾಗೆ ಮಾಡಿತು. ಪಕ್ಕದ ಬೆಡ್ಡಿನ ಮಕ್ಕಳಿಂದ ಕ್ಯಾನ್ಸರ್ ಅನ್ನೋ ಮಾತು ಹೇಗೂ ಅವನ ಕಿವಿಗೆ ಬೀಳುತ್ತದೆ, ಬಹುಶಃ ಈಗಾಗಲೇ ಬಿದ್ದಿರುತ್ತದೆ. ನಿಮ್ಮ ಬಾಯಿಂದ ಕೇಳುವುದು ಒಳ್ಳೆಯದು.

ಏನು ಹೇಳಬೇಕು? ಅವನು ಹೊಲ ನೋಡಿದ ಮಗು. ಅದನ್ನೇ ಹಿಡಿಯಿರಿ, ನಿಮ್ಮ ಮನೆ ಮಾತಿನಲ್ಲೇ ಹೇಳಿ. ‘ನಿನ್ನ ಎಲುಬಿನ ಒಳಗ ರಕ್ತ ತಯಾರಾಗತೈತಿ. ಅಲ್ಲಿ ಒಂದಿಷ್ಟು ಕಸ ಬೆಳದೈತಿ. ಅದಕ್ಕ ಲುಕೇಮಿಯಾ ಅಂತಾರ. ಅದಕ್ಕ ನಿನಗ ಜ್ವರ ಬಂತು. ಈ ಸಲೈನು, ಸೂಜಿ, ಗುಳಗಿ ಎಲ್ಲಾ ಆ ಕಸ ತೆಗಿಯೋ ಔಷಧಿ. ನೀ ಏನೂ ತಪ್ಪ್ ಮಾಡಿಲ್ಲ, ಯಾರೂ ಮಾಡಿಲ್ಲ.’ ಇಷ್ಟೇ ಸಾಕು. ಒಂದು ನಿಮಿಷದ ಮಾತು. ಆಮೇಲೆ ಅವನು ಸುಮ್ಮನಿದ್ದರೆ ನೀವೂ ಸುಮ್ಮನಿರಿ. ಎರಡು ದಿನ ಬಿಟ್ಟು, ಹಲ್ಲುಜ್ಜುವಾಗಲೋ ಬಸ್ಸಿನಲ್ಲೋ, ತಟ್ಟನೆ ಪ್ರಶ್ನೆ ಬರುತ್ತದೆ. ಕೂದಲು ಯಾಕೆ ಉದುರಿತು ಅಂದರೆ, ಕಳೆಗೆ ಔಷಧಿ ಹೊಡೆದಾಗ ಬೆಳೆಯೂ ಒಂದಿಷ್ಟು ಬಾಡುತ್ತದೆ, ಆಮೇಲೆ ಚಿಗುರುತ್ತದೆ ಅನ್ನಿ. ‘ನಾ ಸಾಯ್ತೇನೇನು?’ ಅಂತ ಕೇಳಿದರೆ ಬೆಚ್ಚಿ ಬಾಯಿ ಮುಚ್ಚಿಸಬೇಡಿ. ‘ಡಾಕ್ಟರು ಆರಾಮ ಮಾಡಾಕಂತಲೇ ಔಷಧಿ ಕೊಡಾಕತ್ತಾರ, ನಾ ನಿನ್ನ ಜೋಡಿನೇ ಇರ್ತೇನಿ’ ಅನ್ನಿ. ಅದು ಸುಳ್ಳಲ್ಲ.

ಇನ್ನು ಸೂಜಿಯ ದಿನ. ‘ಪೇಟೆಗೆ ಹೋಗೋಣ ಬಾ’ ಅಂತ ಹೇಳಿ ಆಸ್ಪತ್ರೆಯ ಡೇ ಕೇರ್‌ಗೆ ಕರೆದುಕೊಂಡು ಹೋಗಬೇಡಿ. ಒಂದು ಸಲ ಹಾಗೆ ಮಾಡಿದರೆ ಮುಂದೆ ನಿಜವಾಗಿ ಪೇಟೆಗೆ ಕರೆದರೂ ಅವನು ಬರುವುದಿಲ್ಲ. ಹಿಂದಿನ ದಿನ ಸಂಜೆ ಹೇಳಿ, ಅದಕ್ಕೂ ಬಹಳ ಮುಂಚೆ ಬೇಡ. ನೋವಾಗುವುದಿಲ್ಲ ಅಂತ ಹೇಳಬೇಡಿ. ನೋವಾಗುತ್ತದೆ, ಬೇಗ ಮುಗಿಯುತ್ತದೆ, ಅಳಬಹುದು, ಕೈ ಮಾತ್ರ ಅಲ್ಲಾಡಿಸಬಾರದು ಅಂತ ಹೇಳಿ. ಚರ್ಮ ಮರಗಟ್ಟಿಸುವ ಮುಲಾಮು ಸಿಗುತ್ತದೆ, ಸೂಜಿಗೆ ಒಂದು ಗಂಟೆ ಮೊದಲು ಹಚ್ಚಬೇಕು. ನಿಮ್ಮ ಡಾಕ್ಟರನ್ನು ಕೇಳಿ ಬರೆಸಿಕೊಳ್ಳಿ. ಬೆನ್ನಿನ ಸೂಜಿ ದಿನ ಅವನನ್ನು ಮಗ್ಗುಲಿಗೆ ಮಲಗಿಸಿ, ಮೊಣಕಾಲು ಹೊಟ್ಟೆಗೆ ಮಡಚಿ ಹಿಡಿಯುತ್ತಾರೆ. ನಿಮ್ಮನ್ನು ಒಳಗೆ ಬಿಡುವುದಾದರೆ ಅವನ ಮುಖದ ಕಡೆ ಕೂತುಕೊಳ್ಳಿ. ಹಿಡಿದುಕೊಳ್ಳುವ ಕೆಲಸ ಸಿಸ್ಟರ್‌ಗೆ ಬಿಡಿ. ನಿಮ್ಮ ಕೈ ಅವನ ತಲೆ ಮೇಲಿರಲಿ. ಯಾವ ಕೈಗೆ ಸಲೈನು, ಯಾವ ಬಣ್ಣದ ಪ್ಲಾಸ್ಟರ್, ಎಷ್ಟರವರೆಗೆ ಎಣಿಸಬೇಕು ಅನ್ನೋದನ್ನು ಅವನೇ ಹೇಳಲಿ. ಆ ವಾರ್ಡಿನಲ್ಲಿ ಮಕ್ಕಳ ಕೈಯಲ್ಲಿ ಇರುವ ಆಯ್ಕೆ ಅಷ್ಟೇ, ಆದರೆ ಅದು ಅವರಿಗೆ ತುಂಬಾ ದೊಡ್ಡದು.

ಕಚ್ಚುವುದು, ಸಿಟ್ಟು, ನಡುರಾತ್ರಿಯ ಹಸಿವು: ಇದು ನಿಮ್ಮ ಮಗನ ಸ್ವಭಾವ ಕೆಟ್ಟಿದ್ದಲ್ಲ. ಎರಡು ವಾರದಿಂದ ಅಂದಿದ್ದೀರಿ. ಮೊದಲ ತಿಂಗಳಲ್ಲಿ ಕೊಟ್ಟಿದ್ದ ಸ್ಟೀರಾಯ್ಡ್ ಮಾತ್ರೆಯನ್ನು ಈಗ ಚಿಕಿತ್ಸೆಯ ಇನ್ನೊಂದು ಸುತ್ತಿನಲ್ಲಿ ಮತ್ತೆ ಶುರು ಮಾಡಿರುತ್ತಾರೆ. ಡೆಕ್ಸಾಮೆಥಾಸೋನ್ ಅಂತ ಚೀಟಿಯಲ್ಲಿ ಇದೆಯಾ ನೋಡಿ. ಅದು ಮುಖ ಊದಿಸುತ್ತದೆ, ನಿದ್ದೆ ಕೆಡಿಸುತ್ತದೆ, ದೊಡ್ಡವರನ್ನೂ ಅಳಿಸಿಬಿಡುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಮಿರ್ಚಿ ಮಂಡಕ್ಕಿಯೇ ಬೇಕು ಅಂತ ಗೋಡೆಗೆ ತಲೆ ಚಚ್ಚಿಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ಮಾತ್ರೆ ನಿಂತ ಮೇಲೆ ಒಂದೆರಡು ವಾರದಲ್ಲಿ ಹಳೇ ಮಗ ವಾಪಸ್ ಬರುತ್ತಾನೆ. ಆದರೆ ಸಿಟ್ಟು ನೋಡಲಾಗದೆ ನೀವೇ ಮಾತ್ರೆ ನಿಲ್ಲಿಸಬೇಡಿ, ಅದು ಅಪಾಯ. ಅಲ್ಲಿವರೆಗೆ ಮಲಗುವ ಮುಂಚೆ ಒಂದು ಡಬ್ಬಿಯಲ್ಲಿ ಏನಾದರೂ ಮನೆಯಲ್ಲಿ ಮಾಡಿದ್ದು ಇಟ್ಟುಕೊಳ್ಳಿ, ಉಪ್ಪು ಕಮ್ಮಿ, ಸಕ್ಕರೆ ಕಮ್ಮಿ ಇರಲಿ. ಈ ಮಾತ್ರೆಗೆ ಶುಗರ್ ಏರುತ್ತದೆ. ಕಚ್ಚಿದರೆ ವಾಪಸ್ ಹೊಡೆಯಬೇಡಿ, ಹಾಗಂತ ಸುಮ್ಮನೆ ಕಚ್ಚಿಸಿಕೊಳ್ಳಲೂ ಬೇಡಿ. ಎದ್ದು ಎರಡು ಹೆಜ್ಜೆ ದೂರ ನಿಂತು, ‘ಸಿಟ್ಟು ಬಂದೈತಿ, ಗೊತ್ತು. ಕಚ್ಚಬಾರದು’ ಅಂತ ಅಷ್ಟೇ ಹೇಳಿ. ಕಾಯಿಲೆ ಬಂದಿದೆ ಅಂತ ಎಲ್ಲಾ ನಿಯಮ ಬಿಟ್ಟುಬಿಟ್ಟರೆ ಮಕ್ಕಳಿಗೆ ಜಾಸ್ತಿ ಭಯ ಆಗುತ್ತದೆ. ಇನ್ನೊಂದು ವಿಷಯ. ವಿನ್‌ಕ್ರಿಸ್ಟೀನ್ ಅನ್ನೋ ಇಂಜೆಕ್ಷನ್‌ನಿಂದ ಮಲ ಕಟ್ಟುತ್ತದೆ, ದವಡೆ ನೋಯುತ್ತದೆ, ಕೆಲವು ಮಕ್ಕಳು ಪಾದ ಎಳೆದು ನಡೆಯುತ್ತಾರೆ. ಅವನು ಹೊಟ್ಟೆ ನೋವಿಗೆ ಅತ್ತರೆ ಅದನ್ನು ನೀವು ಹಟ ಅಂದುಕೊಳ್ಳಬಾರದು ಅಂತ ಹೇಳಿದೆ. ಎರಡು ದಿನ ಸಂಡಾಸ್ ಆಗದಿದ್ದರೆ ಡಾಕ್ಟರಿಗೆ ಹೇಳಿ. ಮನೆಯಲ್ಲೇ ಎನಿಮಾ ಕೊಡಬೇಡಿ.

ಈಗ ಮಗಳು. ನಿಜ ಹೇಳಬೇಕೆಂದರೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಸಂಕಟ ಆದದ್ದು ಅವಳ ಬಗ್ಗೆ ಬರೆದ ಒಂದೇ ಒಂದು ಸಾಲು ನೋಡಿ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗ, ಎಂಟು ವರ್ಷ ಇರಬೇಕು, ತಂಗಿಯನ್ನು ನೋಡಲು ಬಂದವನು ವಾರ್ಡಿನ ಬಾಗಿಲಲ್ಲೇ ನಿಂತಿದ್ದ, ಒಳಗೆ ಬರಲಿಲ್ಲ. ತಂದೆ ಬೈದರು, ನಾಚಿಕೆ ಅವನಿಗೆ ಅಂದರು. ಚಪ್ಪಲಿಯ ಉಂಗುಷ್ಠ ಹಿಡಿದು ತಿರುವುತ್ತಾ ಇದ್ದ. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಅವನ ಪಕ್ಕ ಕೂತೆ. ತುಂಬಾ ಹೊತ್ತಾದ ಮೇಲೆ ಹೇಳಿದ, ‘ಆಟ ಆಡುವಾಗ ನಾನೇ ಅವಳನ್ನ ದೂಡಿದ್ದು. ಮೂಗಿಂದ ರಕ್ತ ಬಂತು. ಅವತ್ತೇ ಶುರುವಾಗಿದ್ದು.’ ಮೂರು ತಿಂಗಳು ಆ ಮಗು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿತ್ತು. ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್ ಕಣಗಳು ಮೊದಲೇ ಕಮ್ಮಿಯಾಗಿದ್ದವು, ಅದಕ್ಕೇ ಸಣ್ಣ ಪೆಟ್ಟಿಗೂ ರಕ್ತ ಬಂತು, ನೀನು ದೂಡದಿದ್ದರೂ ಬರುತ್ತಿತ್ತು ಅಂತ ಹೇಳಿದ ಮೇಲೆ ಅವನು ಒಳಗೆ ಬಂದ.

ನಿಮ್ಮ ಮಗಳ ಮನಸ್ಸಿನಲ್ಲೂ ಏನೋ ಇದೆ. ತಮ್ಮನ ಜೊತೆ ಜಗಳ ಆಡಿದ್ದಿರಬಹುದು. ‘ಅವ ಉಳಿಯೂದಿಲ್ಲಂತ’ ಅಂತ ಯಾರೋ ಕಟ್ಟೆ ಮೇಲೆ ಮಾತಾಡಿದ್ದು ಕೇಳಿರಬಹುದು. ತನಗೂ ಅಂಟುತ್ತದೆ ಅಂತ ಹೆದರಿರಬಹುದು. ಅಥವಾ ಸಾದಾ ಸಿಟ್ಟು: ಅಮ್ಮ ಅವನನ್ನು ಕರೆದುಕೊಂಡು ಹೋದಳು, ನನ್ನನ್ನು ಬಿಟ್ಟು ಹೋದಳು ಅಂತ. ಅದು ನ್ಯಾಯವಾದ ಸಿಟ್ಟು. ಹತ್ತು ವರ್ಷದವಳಿಗೆ ಪೂರ್ತಿ ಹೇಳಬಹುದು. ಕಾಯಿಲೆಯ ಹೆಸರು, ಎಷ್ಟು ದಿನ, ಅಮ್ಮ ಯಾಕೆ ಬರಲಾಗುತ್ತಿಲ್ಲ, ನಿನ್ನಿಂದ ಆಗಿದ್ದಲ್ಲ, ನಿನಗೆ ಅಂಟುವುದಿಲ್ಲ. ಫೋನಿಗೆ ಬರದಿದ್ದರೆ ಚೀಟಿ ಬರೆದು ಯಜಮಾನರ ಕೈಯಲ್ಲಿ ಕಳಿಸಿ, ಇಲ್ಲಾ ಧ್ವನಿ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ. ಅವಳು ಒಬ್ಬಳೇ ಇದ್ದಾಗ ಕೇಳಲಿ. ಫೋನ್ ಮಾಡಿದಾಗ ಮೊದಲ ಐದು ನಿಮಿಷ ತಮ್ಮನ ಸುದ್ದಿ ಎತ್ತಬೇಡಿ. ಅವಳ ಸುದ್ದಿ ಕೇಳಿ, ಜಡೆ ಯಾರು ಹಾಕುತ್ತಾರೆ ಅಂತ ಕೇಳಿ. ಅವಳ ಕ್ಲಾಸ್ ಟೀಚರಿಗೆ ಯಜಮಾನರು ಹೋಗಿ ವಿಷಯ ಹೇಳಬೇಕು. ಮಾರ್ಕ್ಸ್ ಬಿದ್ದರೆ, ಪದೇ ಪದೇ ಹೊಟ್ಟೆನೋವು ಅಂದರೆ, ಟೀಚರಿಗೆ ಕಾರಣ ಗೊತ್ತಿರಬೇಕು. ರಜೆ ಬಂದಾಗ ಶೀತ, ಜ್ವರ ಇಲ್ಲದಿದ್ದರೆ ನಾಲ್ಕು ದಿನ ಬೆಂಗಳೂರಿಗೆ ಕರೆಸಿಕೊಳ್ಳಿ. ತಮ್ಮನ ಬೋಳು ತಲೆ ಕಣ್ಣಾರೆ ನೋಡಲಿ. ಕಲ್ಪಿಸಿಕೊಂಡದ್ದಕ್ಕಿಂತ ಅದು ಎಷ್ಟೋ ಕಮ್ಮಿ ಭಯ.

ಯಜಮಾನರ ಪ್ರಶ್ನೆಗೆ ಬರುತ್ತೇನೆ. ರೋಗ ಕಾಣುತ್ತಿಲ್ಲ ಅಂದ ಮೇಲೆ ಇನ್ನೂ ಎರಡು ವರ್ಷ ಯಾಕೆ? ಇದು ದಡ್ಡ ಪ್ರಶ್ನೆ ಅಲ್ಲ, ಸಾಲ ಮಾಡಿದ ಯಾವ ತಂದೆಯೂ ಕೇಳಬೇಕಾದ್ದು. ಇದನ್ನು ಅವರಿಗೆ ಓದಿ ಹೇಳಿ.

ಈ ಕಾಯಿಲೆ ಪತ್ತೆಯಾಗುವ ದಿನ ಮಗುವಿನ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಕೆಟ್ಟ ಕಣಗಳು ಇರುತ್ತವೆ. ಮೊದಲ ತಿಂಗಳ ಚಿಕಿತ್ಸೆ ಅದರಲ್ಲಿ ಬಹುಪಾಲನ್ನು ಕೊಲ್ಲುತ್ತದೆ. ಆಮೇಲೆ ಮಜ್ಜೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ವಚ್ಛವಾಗಿ ಕಾಣುತ್ತದೆ. ಆದರೆ ಹಾಗೆ ಕಾಣುವಾಗಲೂ ಒಳಗೆ ಸಾವಿರ ಕೋಟಿಯಷ್ಟು ಉಳಿದಿರಬಹುದು. ಅದಕ್ಕೇ ಎಂ.ಆರ್.ಡಿ. ಅಂತ ಇನ್ನೊಂದು ಟೆಸ್ಟ್ ಮಾಡುತ್ತಾರೆ, ಅದು ಹತ್ತು ಸಾವಿರ ಕಣದಲ್ಲಿ ಒಂದು ಕೆಟ್ಟದ್ದಿದ್ದರೂ ಹಿಡಿಯುತ್ತದೆ. ಅದಕ್ಕಿಂತ ಕಮ್ಮಿ ಇದ್ದರೆ ಅದಕ್ಕೂ ಕಾಣದು. ಗರಿಕೆ ಬೆಳೆದ ಹೊಲವನ್ನು ಒಂದು ಸಲ ಹರಗಿ ನೋಡಿ, ಮಣ್ಣು ಕಪ್ಪಗೆ ಸ್ವಚ್ಛ ಕಾಣುತ್ತದೆ. ಬೇರು ಒಳಗಿದೆ ಅಂತ ರೈತನಿಗೆ ಗೊತ್ತು, ಒಂದು ಮಳೆ ಬಿದ್ದರೆ ಮತ್ತೆ ಹಸಿರು. ಹಾಗೆ ಮರಳಿ ಬಂದ ಕಾಯಿಲೆಗೆ ಹಳೇ ಔಷಧಿ ಅಷ್ಟು ಸುಲಭವಾಗಿ ತಾಗುವುದಿಲ್ಲ. ಆಗ ಖರ್ಚೂ ಜಾಸ್ತಿ, ಉಳಿಯುವ ಸಾಧ್ಯತೆಯೂ ಕಮ್ಮಿ.

ಇದು ಊಹೆಯಲ್ಲ, ಮಕ್ಕಳ ಪ್ರಾಣ ಕೊಟ್ಟು ಕಲಿತ ಪಾಠ. 1948ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಎಂಬ ಡಾಕ್ಟರು ಅಮಿನೋಪ್ಟೆರಿನ್ ಅನ್ನೋ ಔಷಧಿಯನ್ನು 16 ಮಕ್ಕಳಿಗೆ ಕೊಟ್ಟ ವರದಿ ಪ್ರಕಟಿಸಿದರು. 10 ಮಕ್ಕಳು ಸುಧಾರಿಸಿಕೊಂಡರು. ಅಲ್ಲಿವರೆಗೆ ಈ ರೋಗ ಬಂದ ಮಗು ಕೆಲವೇ ತಿಂಗಳಲ್ಲಿ ಹೋಗಿಬಿಡುತ್ತಿತ್ತು. ಆ ಔಷಧಿ ತಯಾರಾದದ್ದು ನಮ್ಮವರೇ ಆದ, ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಲ್ಲಿ. ನಿಮ್ಮ ಮಗನಿಗೆ ಬೆನ್ನಿನ ಸೂಜಿಯಲ್ಲಿ ಕೊಡುವ ಮೆಥೊಟ್ರೆಕ್ಸೇಟ್ ಕೂಡ ಅಲ್ಲಿಂದಲೇ ಬಂದದ್ದು. ಆದರೆ ಆ ಮಕ್ಕಳ ಸುಧಾರಣೆ ಕೆಲವು ತಿಂಗಳಷ್ಟೇ ಉಳಿಯಿತು. ರೋಗ ಮರಳಿತು. ಒಂದೇ ಔಷಧಿ ಸಾಲದು, ಹಲವು ಔಷಧಿ ಬೇಕು, ಮೆದುಳು ಮತ್ತು ಬೆನ್ನುಹುರಿಯಲ್ಲಿ ಅಡಗಿದ ಕಣಕ್ಕೆ ಬೇರೆಯೇ ಚಿಕಿತ್ಸೆ ಬೇಕು, ಎಲ್ಲಾ ಮುಗಿದಂತೆ ಕಂಡ ಮೇಲೂ ವರ್ಷಗಟ್ಟಲೆ ಮುಂದುವರಿಸಬೇಕು ಅಂತ ಒಂದೊಂದಾಗಿ ತಿಳಿಯುತ್ತಾ ಹೋಯಿತು. ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಅವರ ತಂಡ 1960ರ ದಶಕದಲ್ಲಿ ಇವನ್ನೆಲ್ಲ ಒಟ್ಟು ಸೇರಿಸಿತು. ಆ ದಶಕದ ಕೊನೆಗೆ ಚಿಕಿತ್ಸೆ ಶುರುವಾದ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಪೂರ್ತಿ ಗುಣವಾದರು. ಈಗ ಮುಂದುವರಿದ ದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಉಳಿಯುತ್ತಾರೆ. ನಮ್ಮಲ್ಲಿ ಅಷ್ಟಿಲ್ಲ. ಅದಕ್ಕೆ ಸೋಂಕು ಒಂದು ಕಾರಣ, ತಡವಾಗಿ ಬರುವುದು ಒಂದು ಕಾರಣ. ಮತ್ತೊಂದು ಕಾರಣ ಇದೇ, ನಡುವೆ ಚಿಕಿತ್ಸೆ ಬಿಟ್ಟು ಊರಿಗೆ ಹೋಗುವುದು. ಹಾಗೆ ಹೋದವರು ಎಂಟು ತಿಂಗಳಿಗೋ ವರ್ಷಕ್ಕೋ ಮಗುವನ್ನು ಎತ್ತಿಕೊಂಡು ಮತ್ತೆ ಅದೇ ಬಾಗಿಲಿಗೆ ಬಂದಾಗ ಆ ತಂದೆಯ ಮುಖ ನೋಡಲು ನನಗೆ ಆಗುವುದಿಲ್ಲ. ದಯವಿಟ್ಟು ಬಿಡಬೇಡಿ.

ಇನ್ನೊಂದು ಸಮಾಧಾನದ ಮಾತು. ಮುಂದಿನ ಎರಡು ವರ್ಷ ಪೂರ್ತಿ ಹೀಗೇ ಇರುವುದಿಲ್ಲ. ಇನ್ನು ಕೆಲವು ತಿಂಗಳಿಗೆ ಕಠಿಣ ಭಾಗ ಮುಗಿದು ಮೇಂಟೆನೆನ್ಸ್ ಅನ್ನೋ ಹಂತ ಬರುತ್ತದೆ. ಆಗ ಹೆಚ್ಚಿನದು ಮಾತ್ರೆಯೇ. ನೀವು ಊರಲ್ಲೇ ಇದ್ದು, ಡಾಕ್ಟರು ಹೇಳಿದ ದಿನಕ್ಕೆ ಬಂದು ಹೋಗಬಹುದು. ಕೂದಲು ಬರುತ್ತದೆ. ರಕ್ತಕಣಗಳ ಕೌಂಟ್ ಸರಿ ಇದ್ದರೆ ಶಾಲೆಗೂ ಹೋಗಬಹುದು. ಆದರೆ ಆ ಮಾತ್ರೆ ತಪ್ಪಬಾರದು. 6-ಎಂ.ಪಿ. ಅನ್ನೋ ಮಾತ್ರೆ ದಿನಾ, ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ. ಈ ‘ವಾರಕ್ಕೆ ಒಂದೇ ದಿನ’ ಅನ್ನೋದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ, ಯಾಕೆಂದರೆ ಅದನ್ನು ತಪ್ಪಿ ದಿನಾ ಕೊಟ್ಟರೆ ಪ್ರಾಣಕ್ಕೇ ಅಪಾಯ. 6-ಎಂ.ಪಿ.ಯನ್ನು ನೂರಕ್ಕೆ ಐದು ದಿನಕ್ಕಿಂತ ಜಾಸ್ತಿ ಮರೆತ ಮಕ್ಕಳಲ್ಲಿ ರೋಗ ಮರಳುವುದು ಹೆಚ್ಚು ಅಂತ ಅಧ್ಯಯನಗಳಲ್ಲಿ ಕಂಡಿದೆ. ಮನೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ ಮಾತ್ರೆ ಕೊಟ್ಟ ಮೇಲೆ ಗುರುತು ಹಾಕಿ. ಆ ಕೆಲಸ ಮಗಳಿಗೆ ಕೊಡಿ ಅಂತ ನನ್ನ ಸಲಹೆ. ಈಗಿನಿಂದಲೇ ಶುರು ಮಾಡಬಹುದು. ರಾತ್ರಿ ನೀವು ಮಾತ್ರೆ ಕೊಟ್ಟು ಫೋನ್ ಮಾಡಿ, ಅವಳು ಊರಲ್ಲಿ ಗುರುತು ಹಾಕಲಿ. ಮಾತ್ರೆ ಕೊಡುವ ಹೊಣೆ ನಿಮ್ಮದೇ, ಅವಳದು ಗುರುತು ಅಷ್ಟೇ. ಅವಳಿಗೂ ಈ ಕೆಲಸದಲ್ಲಿ ಒಂದು ಜಾಗ ಇರಲಿ.

ಸಾಲದ ಮಾತು. ಹೊಲ ಅಡ ಇಡುವ ಮೊದಲು ಆಸ್ಪತ್ರೆಯ ಸೋಶಿಯಲ್ ವರ್ಕರ್ ಹತ್ತಿರ ಎಲ್ಲಾ ಕಾಗದ ತೆಗೆದುಕೊಂಡು ಹೋಗಿ ಕೂತುಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಮುಖ್ಯಮಂತ್ರಿಗಳ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು. ರೂಮಿನ ಬಾಡಿಗೆಯೇ ತಿಂಗಳಿಗೆ ಎಷ್ಟೋ ತಿನ್ನುತ್ತದೆ, ಹತ್ತಿರದಲ್ಲಿ ಧರ್ಮಶಾಲೆ ಇದೆಯಾ ಕೇಳಿ. ಕಿದ್ವಾಯಿಯಂಥ ಸರ್ಕಾರಿ ಸಂಸ್ಥೆಯ ಆವರಣದಲ್ಲೇ ಇದೆ. ಬಸ್ಸಿಗೆ ದುಡ್ಡು ಹಾಕಬೇಡಿ. ನಿಮ್ಮೂರಿನ ಕಡೆಯಿಂದ ನೇರ ರೈಲಿದೆ. ಕ್ಯಾನ್ಸರ್ ಚಿಕಿತ್ಸೆಗೆ ಹೋಗುವ ರೋಗಿಗೆ ಸ್ಲೀಪರ್‌ನಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ನೂರಕ್ಕೆ 75ರಷ್ಟು ರಿಯಾಯಿತಿ. ಆಸ್ಪತ್ರೆಯಲ್ಲಿ ಫಾರ್ಮ್‌ಗೆ ಸಹಿ ಹಾಕಿಸಿ ಸ್ಟೇಷನ್ನಿನಲ್ಲಿ ಕೊಡಬೇಕು. ಏನು ಸಹಾಯ ಬೇಕು ಅಂತ ಕೇಳುವ ನೆಂಟರಿಗೆ ‘ಏನೂ ಬೇಡ’ ಅನ್ನಬೇಡಿ. ರಕ್ತ ಕೊಡಿ ಅನ್ನಿ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ, ಹಾಗಾಗಿ ಬೆಂಗಳೂರಿನಲ್ಲೇ ಕೆಲಸದಲ್ಲಿರುವ ನಿಮ್ಮೂರ ಹುಡುಗರ ನಾಲ್ಕು ನಂಬರ್ ಬರೆದಿಟ್ಟುಕೊಳ್ಳಿ.

ನಾಟಿ ಔಷಧಿ ಬೇಡ. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ನಿಮ್ಮ ಅಂಗಳದಲ್ಲಿ ಕಾಶಿ ಕಣಗಿಲೆ ಇರಬಹುದು, ನಿತ್ಯಪುಷ್ಪ ಅಂತಲೂ ಅಂತಾರೆ, ವರ್ಷವಿಡೀ ಗುಲಾಬಿ ಬಣ್ಣದ ಹೂ ಬಿಡುತ್ತದಲ್ಲ, ಅದು. ನಿಮ್ಮ ಮಗನಿಗೆ ಕೊಡುವ ವಿನ್‌ಕ್ರಿಸ್ಟೀನ್ ಬರುವುದು ಅದೇ ಗಿಡದಿಂದ. ಎಷ್ಟು ಎಲೆ ಅರೆದರೂ ಅದರಲ್ಲಿ ಔಷಧಿ ಸಿಗುವುದು ಎಳ್ಳಷ್ಟು, ಉಳಿದದ್ದರಲ್ಲಿ ವಿಷದ ಅಂಶವೂ ಇದೆ. ಅದಕ್ಕೇ ತೆಗೆದು, ಸೋಸಿ, ಮಗುವಿನ ಎತ್ತರ ತೂಕ ನೋಡಿ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುವುದು. ಆ ಎಲೆಯ ಕಷಾಯ ಕುಡಿಸಿ ವಾಂತಿ ಬೇಧಿಯಾಗಿ ಬಂದ ಮಕ್ಕಳಿದ್ದಾರೆ. ಬೇರೆ ಕಷಾಯ, ಭಸ್ಮಗಳೂ ಲಿವರ್‌ಗೆ ಹೊಡೆತ ಕೊಟ್ಟು, ನಮ್ಮ ಔಷಧಿ ನಿಲ್ಲಿಸುವ ಹಾಗೆ ಮಾಡುತ್ತವೆ. ಅತ್ತೆಯವರು ದೇವರಿಗೆ ಹರಕೆ ಹೊರಲಿ, ಅಂಗಾರ ಹಚ್ಚಲಿ, ಅದಕ್ಕೆ ನಾನು ಯಾವತ್ತೂ ಬೇಡ ಅಂದವನಲ್ಲ. ಬಾಯಿಗೆ ಏನೂ ಹಾಕಬಾರದು, ಉಪವಾಸ ಮಾಡಿಸಬಾರದು ಅಷ್ಟೇ.

ಊರಿಗೆ ಹೋಗಿ ಬರುವ ದಿನಗಳಿಗೆ ಒಂದು ಎಚ್ಚರಿಕೆ, ಇದೊಂದನ್ನು ಮರೆಯಲೇಬೇಡಿ. ಥರ್ಮಾಮೀಟರ್ ಜೊತೆಗಿರಲಿ, ಕಂಕುಳಲ್ಲಿ ಇಟ್ಟು ನೋಡಿ. ಜ್ವರ ಒಂದು ಸಲ 101 ಮುಟ್ಟಿದರೆ, ಅಥವಾ 100.4 ಒಂದು ಗಂಟೆ ಹಾಗೇ ಇದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ಮೈ ತಣ್ಣಗಾಗಿ ಮಗು ಮಂಕಾದರೆ ಜ್ವರ ಇಲ್ಲದಿದ್ದರೂ ಹೊರಡಿ. ಬಿಳಿ ರಕ್ತಕಣ ಕಮ್ಮಿ ಇರುವಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ, ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ನರಕ್ಕೆ ಆ್ಯಂಟಿಬಯೋಟಿಕ್ ಬೀಳಬೇಕು. ಊರ ಕ್ಲಿನಿಕ್‌ನಲ್ಲಿ ಕುಂಡೆಗೆ ಇಂಜೆಕ್ಷನ್ ಬೇಡ. ಬೆಂಗಳೂರು 300 ಕಿಲೋಮೀಟರ್ ದೂರ, ಅಷ್ಟು ಹೊತ್ತು ಆಗುವುದಿಲ್ಲ. ಅದಕ್ಕೇ ಈಗಲೇ ನಿಮ್ಮ ಡಾಕ್ಟರ ಹತ್ತಿರ ಒಂದು ಪತ್ರ ಬರೆಸಿಕೊಳ್ಳಿ: ಮಗುವಿನ ಕಾಯಿಲೆ, ಜ್ವರ ಬಂದರೆ ಯಾವ ಔಷಧಿ, ಎಷ್ಟು, ಫೋನ್ ನಂಬರ್. ಅದನ್ನು ಹಿಡಿದು ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಹೋಗಿ ಮೊದಲ ಡೋಸ್ ಹಾಕಿಸಿ, ಆಮೇಲೆ ಬೆಂಗಳೂರು. ಓಣಿಯಲ್ಲಿ ಯಾವ ಮಗುವಿಗಾದರೂ ‘ಅಮ್ಮ’ ಬಂದಿದ್ದರೆ, ಅಂದರೆ ಚಿಕನ್‌ಪಾಕ್ಸ್ ಗುಳ್ಳೆ, ಇಲ್ಲಾ ದಡಾರ ಎದ್ದಿದ್ದರೆ, ಆ ಮನೆಯವರ ಹತ್ತಿರ ಮಗ ಸುಳಿದಿದ್ದರೆ, ಅವನಿಗೆ ಏನೂ ಆಗದಿದ್ದರೂ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮಗಳಿಗೆ ಚಿಕನ್‌ಪಾಕ್ಸ್ ಲಸಿಕೆ ಹಾಕಿಸಬೇಕಾ ಅಂತಲೂ ಕೇಳಿ.

ನಿಮ್ಮ ಬಗ್ಗೆ ನೀವು ಏನೂ ಬರೆದಿಲ್ಲ. ನಾಲ್ಕು ತಿಂಗಳಿಂದ ಒಬ್ಬರೇ ಇದ್ದೀರಿ, ರಾತ್ರಿ ನಿದ್ದೆ ಇಲ್ಲ, ಮೈಮೇಲೆ ಹಲ್ಲಿನ ಗುರುತು. ತಿಂಗಳಿಗೆ ನಾಲ್ಕು ದಿನವಾದರೂ ಯಜಮಾನರೋ, ನಿಮ್ಮ ತಂಗಿಯೋ ಬಂದು ಇಲ್ಲಿ ಕೂರಲಿ, ನೀವು ಊರಿಗೆ ಹೋಗಿ ಮಗಳ ಪಕ್ಕ ಮಲಗಿ. ಅಪ್ಪ ಸೂಜಿ ದಿನ ನೋಡಿಕೊಳ್ಳಲಾರ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನೋಡಿಕೊಳ್ಳುತ್ತಾರೆ, ಕಲಿಯುತ್ತಾರೆ. ಅಳು ಬಂದರೆ ಮಗನ ಮುಂದೆ ಅತ್ತುಬಿಟ್ಟರೂ ತೊಂದರೆ ಇಲ್ಲ, ‘ನಿನಗ ನೋವಾತಲ್ಲ, ಅದಕ್ಕ ಅಳು ಬಂತು’ ಅಂತ ಕಾರಣ ಹೇಳಿ. ಇಲ್ಲದಿದ್ದರೆ ಅದಕ್ಕೂ ತಾನೇ ಕಾರಣ ಅಂದುಕೊಳ್ಳುತ್ತಾನೆ.

ಮುಂದಿನ ಸಲ ಡಾಕ್ಟರನ್ನು ನೋಡುವ ದಿನ ಯಜಮಾನರು ಅಂಗಡಿ ಮುಚ್ಚಿ ಬರಲಿ. ಇಬ್ಬರೂ ಒಟ್ಟಿಗೆ ಒಳಗೆ ಹೋಗಿ, ಒಬ್ಬರು ಹೊರಗೆ ಕಾಯುವುದು ಬೇಡ. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ: ಮಗನ ಎಂ.ಆರ್.ಡಿ. ಏನು ಬಂದಿದೆ, ಈಗ ಯಾವ ಹಂತ, ಮೇಂಟೆನೆನ್ಸ್ ಯಾವ ತಿಂಗಳು ಶುರು, ಒಟ್ಟು ಖರ್ಚಿನಲ್ಲಿ ಕಾರ್ಡಿಗೆ ಎಷ್ಟು ಹೋಗುತ್ತದೆ, ನಮ್ಮ ಕೈಯಿಂದ ಎಷ್ಟು. ಉತ್ತರವನ್ನು ಯಜಮಾನರೇ ಬರೆದುಕೊಳ್ಳಲಿ. ಅರ್ಥ ಆಗದಿದ್ದರೆ ಇನ್ನೊಂದು ಸಲ ಕೇಳಲಿ, ಕೇಳಿದ್ದಕ್ಕೆ ಯಾರೂ ಬೈಯುವುದಿಲ್ಲ. ಮಗನಿಗೆ ಹೇಳುವ ಮಾತನ್ನು ಅಲ್ಲಿವರೆಗೆ ಕಾಯಿಸಬೇಡಿ. ಅದನ್ನು ಇವತ್ತೇ ರಾತ್ರಿ, ಅವನು ಹಸಿವು ಅಂತ ಎದ್ದು ಉಂಡು ಸಮಾಧಾನವಾಗಿ ನಿಮ್ಮ ತೊಡೆ ಮೇಲೆ ಮಲಗಿದಾಗ ಹೇಳಿ.